ಹನ್ನೊಂದು ಸೆಕೆಂಡಿನ ಮೌನ

ಸಾಂಗಲಿ
14 ಜುಲೈ 2025

ಅವ್ವನಿಗೆ ಪ್ರಣಾಲಿಯ ಜೈ ಜಿನೇಂದ್ರ.

ನೀನು ಸಲಗರೆಯ ಬಸ್ಸು ಹತ್ತಿ ಇವತ್ತಿಗೆ ಐದು ದಿನ. ಒಂದೂವರೆ ತಾಸಿನ ದಾರಿಯಲ್ಲಿರುವ ತಾಯಿಗೆ ಅಂಚೆಯಲ್ಲಿ ಪತ್ರ ಹಾಕುವ ಮಗಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಚಾತುರ್ಮಾಸದ ನಾಲ್ಕು ತಿಂಗಳು ಅಲ್ಲಿನ ಬಸದಿಯಲ್ಲಿದ್ದು ಮುನಿಗಳ ಅಡುಗೆಯ ಸೇವೆ ಮಾಡುತ್ತೇನೆ ಎಂದು ನೀನು ಹೇಳಿದಾಗ ಒಪ್ಪಿಕೊಂಡೆ. ಫೋನು ಮುಟ್ಟುವುದಿಲ್ಲ ಎಂದಾಗಲೂ ಒಪ್ಪಿಕೊಂಡೆ. ಆದರೆ ದೀಪಾವಳಿಯವರೆಗೆ ಮನೆಯವರ ಮುಖವನ್ನೂ ನೋಡುವುದಿಲ್ಲ ಎಂಬ ನೇಮ ಯಾಕೆ ಹಿಡಿದೆಯೋ ನನಗೆ ಇನ್ನೂ ಅರ್ಥವಾಗಿಲ್ಲ.

ಇಲ್ಲಿಯ ಸುದ್ದಿ ಕೇಳು. ಮಿರಜಿನಲ್ಲಿ ಸೌರಭನ ಸ್ಟುಡಿಯೋಕ್ಕೆ ದಿನಾ ಹೋಗುವುದನ್ನು ಬಿಟ್ಟೆ. ನೀನಿಲ್ಲದ ಮನೆಯಲ್ಲಿ ಅಜ್ಜಿಯನ್ನು ಒಬ್ಬಳೇ ಬಿಟ್ಟು ಹೋಗಿ, ಸಂಜೆಯವರೆಗೆ ಯಾರದೋ ಮದುವೆಯ ವಿಡಿಯೋ ಎಡಿಟ್ ಮಾಡುತ್ತ ಕೂರುವುದು ನನ್ನಿಂದ ಆಗದು. ಇನ್ನು ಮೇಲೆ ಮನೆಯಲ್ಲೇ ಕೆಲಸ. ಅದಕ್ಕೆ ಬೇಕಾದ ಕಂಪ್ಯೂಟರ್ ಯಂತ್ರವನ್ನು ನಾನೇ ಕೂಡಿಸುತ್ತಿದ್ದೇನೆ. ಸೌರಭ ನಕ್ಕ. "ತಯಾರ ಇದ್ದದ್ದ ತಗೋ ಬೇ. ನೀ ಏನ ಇಂಜಿನಿಯರ್ ಏನ?" ಅಂದ. ತಯಾರಿದ್ದವನ್ನು ನೋಡಿ ಬಂದಿದ್ದೇನೆ. ಹೊರಗೆಲ್ಲ ಬಣ್ಣಬಣ್ಣದ ದೀಪ, ಒಳಗೆ ಅರ್ಧ ಸಾಮರ್ಥ್ಯ. ಆಟ ಆಡುವ ಹುಡುಗರಿಗೆ ಅದು ಸಾಕು. ನಾಲ್ಕು ಕ್ಯಾಮೆರಾದ ದೃಶ್ಯಗಳನ್ನು ಒಟ್ಟಿಗೆ ಓಡಿಸುವ ನನಗೆ ಗಟ್ಟಿ ಪ್ರೊಸೆಸರ್ ಬೇಕು, ಹೆಚ್ಚು ರ‍್ಯಾಮ್ ಬೇಕು, ಎರಡು ಡಿಸ್ಕ್ ಬೇಕು. ಒಂದು ಸತ್ತರೆ ಇನ್ನೊಂದರಲ್ಲಿ ಪ್ರತಿ ಇರಬೇಕು.

ಎಲ್ಲ ಡಬ್ಬಿಗಳೂ ಬಂದು ನಿನ್ನ ಮಂಚದ ಮೇಲೆ ಕುಳಿತಿವೆ. ಮೂರು ದಿನದಿಂದ ನೋಡುತ್ತಲೇ ಇದ್ದೇನೆ, ಒಂದನ್ನೂ ಒಡೆದಿಲ್ಲ. ಪ್ರೊಸೆಸರನ್ನು ಕೂರಿಸುವ ಜಾಗದಲ್ಲಿ ಕೂದಲಿಗಿಂತ ಸಣ್ಣ ಸೂಜಿಗಳಿವೆ, ಸಾವಿರಕ್ಕೂ ಹೆಚ್ಚು. ಒಂದು ಬಾಗಿದರೂ ಎಲ್ಲ ಮಣ್ಣುಪಾಲು. ನನ್ನ ಕೈ ನಡುಗುತ್ತದೆ ಅವ್ವ. ಅಪ್ಪ ಹೋದ ಮೇಲೆ ಮೂರು ವರ್ಷದಿಂದ ಈ ಕೈ ಹೀಗೇ.

ದೀಪಾವಳಿಗೆ ಬರುತ್ತೀಯಲ್ಲ? ಅದೊಂದನ್ನು ಖಚಿತವಾಗಿ ಬರೆ.

ನಿನ್ನ,
ಪ್ರಣಾಲಿ


ಸಲಗರೆ
22 ಜುಲೈ 2025

ಚಿರಂಜೀವಿ ಪ್ರಣಾಲಿಗೆ ಆಶೀರ್ವಾದ.

ಪತ್ರ ಬಂತು. ಅಕ್ಷರ ಸುಧಾರಿಸಿದೆ. ಇಲ್ಲಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ನಿನಗೆ ನಾನೇ ಕಲಿಸಿದ್ದು ವ್ಯರ್ಥವಾಗಲಿಲ್ಲ. ಅದೇ ಶಾಲೆ ಬಸದಿಯ ಅಂಗಳದಿಂದ ಕಾಣುತ್ತದೆ. ಮಧ್ಯಾಹ್ನದ ಗಂಟೆ ಬಾರಿಸಿದರೆ ಈಗಲೂ ಕೈ ತಾನಾಗಿ ಸೀಮೆಸುಣ್ಣ ಹುಡುಕುತ್ತದೆ.

ನನ್ನ ದಿನ ನೀರಿನಿಂದ ಶುರುವಾಗುತ್ತದೆ. ಬಾವಿಯಿಂದ ಸೇದಿ, ಎರಡು ಪದರ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ಅದೇ ಬಾವಿಗೆ ಬಿಡಬೇಕು. ಮನೆಯಲ್ಲಿ ನಲ್ಲಿಗೆ ಬಟ್ಟೆ ಕಟ್ಟಿದರೆ ಮುಗಿಯುತ್ತಿತ್ತು. ಇಲ್ಲಿ ಅದೊಂದು ದೊಡ್ಡ ಕೆಲಸ. ಮನಸ್ಸಿಗೆ ಹಿತವಾಗಿದೆ.

ನಿನ್ನ ಯಂತ್ರದ ಬಗ್ಗೆ ಒಂದು ಪ್ರಶ್ನೆ. ಅದರಲ್ಲಿ ಪಂಖಾ ಇರುತ್ತದಂತೆ, ಹೌದೇ? ಗಾಳಿಯನ್ನು ಹೊರಗಿನಿಂದ ಒಳಗೆ ಎಳೆಯುತ್ತದಂತೆ. ಈಗ ಮಳೆಗಾಲ. ಬೆಳಕಿಗೆ ಬರುವ ಸಣ್ಣ ಹುಳಗಳು ಅದರಲ್ಲಿ ಸಿಕ್ಕರೆ ಏನಾಗುತ್ತದೆ? ಸ್ವಲ್ಪ ವಿಚಾರ ಮಾಡು.

ಕೈ ನಡುಗಿದರೆ ನಡುಗಲಿ. ಸೀರೆಯ ಅಂಚಿಗೆ ಫಾಲ್ ಹಚ್ಚುವಾಗ ನನ್ನ ಕೈಯೂ ನಡುಗುತ್ತಿತ್ತು. ಮೊಣಕೈಯನ್ನು ಮೇಜಿಗೆ ಊರು, ಆಗ ಮಣಿಕಟ್ಟು ಹೇಳಿದ ಮಾತು ಕೇಳುತ್ತದೆ.

ಒಳಗೆ ಮಡಿಸಿಟ್ಟ ಚೀಟಿ ನಿನ್ನ ಅಜ್ಜಿಗೆ. ನೀನು ಓದಬೇಡ. ನಿಧಾನಕ್ಕೆ ಅವರೇ ಓದಿಕೊಳ್ಳುತ್ತಾರೆ.

ಇಂತಿ,
ಜಿನಮತಿ


ಸಾಂಗಲಿ
5 ಆಗಸ್ಟ್ 2025

ಪ್ರೀತಿಯ ಅವ್ವ,

ಆತು! ಮೊಣಕೈ ಊರಿದೆ, ಉಸಿರು ಹಿಡಿದೆ, ಕೂರಿಸಿದೆ. ಪ್ರೊಸೆಸರಿನ ಮೇಲೆ ಬೂದು ಬಣ್ಣದ ಒಂದು ಲೇಪ ಹಚ್ಚಬೇಕು, ಅದರ ಬಿಸಿ ಮೇಲಿನ ಪಂಖಾಕ್ಕೆ ದಾಟಲಿ ಎಂದು. ಬಟಾಣಿಯಷ್ಟು ಎಂದು ಪುಸ್ತಕದಲ್ಲಿತ್ತು. ಹಸಿ ಬಟಾಣಿಯೋ ಒಣ ಬಟಾಣಿಯೋ ಎಂದು ಅರ್ಧ ತಾಸು ಚಿಂತೆ ಮಾಡಿದೆ. ಮದರ್‌ಬೋರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿಯುವಾಗ ಒಂದು ಸ್ಕ್ರೂ ಉರುಳಿ ಒಳಗೆ ಬಿತ್ತು. ಅದು ಸಿಗುವವರೆಗೆ ನನ್ನ ಜೀವ ಬಾಯಲ್ಲಿತ್ತು. ಗ್ರಾಫಿಕ್ಸ್ ಕಾರ್ಡ್ ಎಷ್ಟು ಭಾರ ಅನ್ನುತ್ತೀ! ಅಜ್ಜಿ ಎತ್ತಿ ನೋಡಿ, "ಒಂದ ಸೇರ ಜ್ವಾಳ ಬರತೈತಿ" ಅಂದಳು.

ಎಲ್ಲ ಜೋಡಿಸಿ ಬಟನ್ ಒತ್ತಿದರೆ ಏನೂ ಇಲ್ಲ. ದೀಪವಿಲ್ಲ, ಸದ್ದಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಅಜ್ಜಿ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, "ಅಲ್ಲ, ಹಿಂದ ಒಂದ ಖಟ್ಕಿ ಐತೆಲ್ಲ, ಅದೇನ?" ಎಂದು ಕೇಳಿದಳು. ಪವರ್ ಸಪ್ಲೈಯ ಹಿಂದಿನ ಸ್ವಿಚ್ಚು! ಅದನ್ನು ಹಾಕಿದ್ದೇ ತಡ, ಎಲ್ಲ ಪಂಖಾಗಳೂ ತಿರುಗಿದವು. ಅಜ್ಜಿ ಕುಂಕುಮ ಹಚ್ಚಿ ಆರತಿ ಮಾಡಿದಳು. ಆಮೇಲೆ ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಒಂದೊಂದೇ ಕೇಳಿದಳು. ಮುಂದಿನ ಕರಿ ಜಾಳಿಗೆಯನ್ನು ಕಿತ್ತು ತೋರಿಸಿದೆ. ನಮ್ಮ ಅಜ್ಜಿಗೆ ಈ ವಯಸ್ಸಿನಲ್ಲಿ ಎಂಥ ಆಸಕ್ತಿ ನೋಡು!

ಚೀಟಿಯಲ್ಲಿ ಏನು ಬರೆದಿದ್ದೆ? ಕೇಳಿದರೆ ಹೇಳುವುದಿಲ್ಲ. ಅದನ್ನು ಓದಿದ ದಿನ ಅವಳು ಮಧ್ಯಾಹ್ನದ ಊಟ ಮಾಡಲಿಲ್ಲ. ಕೇಳಿದ್ದಕ್ಕೆ ಹಸಿವಿಲ್ಲ ಅಂದಳು.

ಇನ್ನೊಂದು ಮಾತು. ನಿನ್ನ ಪತ್ರವನ್ನು ಮೂರು ಸಲ ಓದಿದೆ. ಸೀಮೆಸುಣ್ಣ ಇದೆ, ಬಾವಿ ಇದೆ, ಹುಳ ಇದೆ. ದೀಪಾವಳಿ ಎಲ್ಲೂ ಇಲ್ಲ. ಮರೆತೆಯೋ, ಬಿಟ್ಟೆಯೋ? ಮರೆಯುವವಳಲ್ಲ ನೀನು. ಅದಕ್ಕೇ ನನಗೆ ಹೆದರಿಕೆ.

ಪ್ರಣಾಲಿ


ಸಲಗರೆ
18 ಆಗಸ್ಟ್ 2025

ಪ್ರಣಾಲಿ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು. ಇದನ್ನು ಹರಿಯುವುದಿಲ್ಲ.

ನಾನು ಮುನಿ ಮಹಾರಾಜರ ಮುಂದೆ ದೀಕ್ಷೆ ಬೇಡಿದ್ದೇನೆ. ಕ್ಷುಲ್ಲಿಕೆಯಾಗುತ್ತೇನೆ. ಅಂದರೆ ಬಿಳಿ ವಸ್ತ್ರ, ಒಂದು ಹೊತ್ತಿನ ಊಟ, ಮುನಿಸಂಘದ ಜೊತೆ ಊರೂರಿಗೆ ಬರಿಗಾಲಿನ ವಿಹಾರ. ದೀಪಾವಳಿ ಕಳೆದು ನವೆಂಬರ್ ಎರಡರಂದು ಮುಹೂರ್ತ ಹೇಳಿದ್ದಾರೆ. ಆ ಮೇಲೆ ಮನೆಗೆ ಬರುವುದಿಲ್ಲ. ಇದು ನಿನ್ನ ಅಪ್ಪ ಹೋದ ದುಃಖಕ್ಕೆ ಅಲ್ಲ. ಅವರಿದ್ದಾಗಲೇ ಮನಸ್ಸಿನಲ್ಲಿತ್ತು. ನಿನ್ನ ಓದು, ಕೆಲಸ ಎಂದು ಮುಂದೂಡುತ್ತ ಬಂದೆ.

ಮನೆಯವರ ಸಮ್ಮತಿಯಿಲ್ಲದೆ ದೀಕ್ಷೆ ಕೊಡುವುದಿಲ್ಲ. ಅದು ಪದ್ಧತಿ. ಅತ್ತೆಯವರನ್ನು ಚೀಟಿಯಲ್ಲಿ ಕೇಳಿದ್ದೆ, ಅವರು ಒಪ್ಪಿಗೆ ಬರೆದು ಕಳಿಸಿದ್ದಾರೆ. ಉಳಿದದ್ದು ನಿನ್ನದು.

ಇನ್ನೊಂದಿದೆ. ದೀಕ್ಷೆಯ ದಿನ ವೇದಿಕೆಯ ಮೇಲೆ ದೊಡ್ಡ ಪರದೆಯಲ್ಲಿ ದೀಕ್ಷಾರ್ಥಿಯ ಜೀವನ ಪರಿಚಯದ ವಿಡಿಯೋ ತೋರಿಸುತ್ತಾರೆ. ಬಸದಿ ಸಮಿತಿಯ ತಾತ್ಯಾಸಾಹೇಬರು ಕೊಲ್ಹಾಪುರದಿಂದ ಯಾರನ್ನೋ ಕರೆಸುವವರಿದ್ದರು. ನನ್ನ ಮಗಳೇ ಎಡಿಟ್ ಮಾಡುತ್ತಾಳೆ ಎಂದೆ. ಇಲ್ಲಿಯ ಕುಣಾಲ ಎಂಬ ಹುಡುಗ ನನ್ನನ್ನು ಕೂರಿಸಿ ಪ್ರಶ್ನೆ ಕೇಳಿ ಚಿತ್ರೀಕರಣ ಮಾಡಿದ್ದಾನೆ. ಮೆಮರಿ ಕಾರ್ಡನ್ನು ಇದರ ಜೊತೆ ರಿಜಿಸ್ಟರ್ ಮಾಡಿ ಕಳಿಸಿದ್ದೇನೆ.

ಕೇಳಬಾರದ್ದನ್ನು ಕೇಳುತ್ತಿದ್ದೇನೆ ಎಂದು ಗೊತ್ತು.

ನಿನ್ನ ಅವ್ವ,
ಜಿನಮತಿ


ಸಾಂಗಲಿ
27 ಆಗಸ್ಟ್ 2025

ಅವ್ವ,

ನಾನು ಸಹಿ ಮಾಡುವುದಿಲ್ಲ.

ಅಜ್ಜಿಯನ್ನು ಕೇಳಿದೆ, "ನೀ ಹೆಂಗ ಒಪ್ಪಿದಿ?" ಎಂದು. "ಮೂವತ್ತ ವರ್ಷ ನನ್ನ ಮಾತ ಕೇಳ್ಯಾಳವಾ. ಒಂದ ಸಲ ಅಕಿ ಮಾತ ನಾ ಕೇಳೂದ ಬ್ಯಾಡೇನ?" ಅಂದು ಅಡುಗೆಮನೆಗೆ ಹೋದಳು. ನಿಮ್ಮಿಬ್ಬರ ನಡುವೆ ಇದು ಒಂದು ತಿಂಗಳ ಹಿಂದೆಯೇ ಮುಗಿದುಹೋಗಿತ್ತು. ನಾನು ಇಲ್ಲಿ ಬಟಾಣಿ ಅಳೆಯುತ್ತ ಕುಳಿತಿದ್ದೆ.

ಕಾರ್ಡನ್ನು ಯಂತ್ರಕ್ಕೆ ಹಾಕಿದೆ. ಎರಡೂ ಡಿಸ್ಕಿಗೆ ಪ್ರತಿ ತೆಗೆದೆ. ಅದು ಕೆಲಸದ ಅಭ್ಯಾಸ, ಮನಸ್ಸಿನ ಮಾತಲ್ಲ. ನೀನು ಪರದೆಯ ಮೇಲೆ ಬಂದೆ. ಕೆನ್ನೆ ಒಳಗೆ ಹೋಗಿವೆ. ಕೊರಳು ಬರಿದಾಗಿದೆ. "ನನ್ನ ಹೆಸರ ಜಿನಮತಿ" ಎಂದು ಶುರು ಮಾಡಿದೆ. ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಯಂತ್ರದ ಪಂಖಾಗಳು ಹುಚ್ಚು ಹಿಡಿದಂತೆ ಗದ್ದಲ ಮಾಡಿ, ಟಕ್ ಎಂದು ಎಲ್ಲ ನಿಂತಿತು. ಪರದೆ ಕಪ್ಪಾಯಿತು. ಕರೆಂಟು ಇತ್ತು, ಕೋಣೆಯ ಪಂಖಾ ತಿರುಗುತ್ತಿತ್ತು. ಮತ್ತೆ ಹಾಕಿದೆ, ಮತ್ತೆ ಟಕ್. ಮೂರು ಸಲ.

ಸುಳ್ಳು ಹೇಳುವುದಿಲ್ಲ, ನಿಂತಾಗ ನನಗೆ ಸಮಾಧಾನವಾಯಿತು. ವಿಡಿಯೋ ಆಗದಿದ್ದರೆ ದೀಕ್ಷೆಯೂ ಆಗುವುದಿಲ್ಲ ಎಂದು ಸಣ್ಣ ಹುಡುಗಿಯ ಹಾಗೆ ಅನಿಸಿತು. 

ಪ್ರಣಾಲಿ


ಸಲಗರೆ
8 ಸೆಪ್ಟೆಂಬರ್ 2025

ಪ್ರೀತಿಯ ಪ್ರಣಾಲಿ,

ಉತ್ತಮ ಕ್ಷಮಾ. ಹತ್ತು ದಿನದ ಪರ್ವ ಮುಗಿದು ಇವತ್ತು ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ಬೆಳಿಗ್ಗೆಯಿಂದ ಬಸದಿಯಲ್ಲಿ ಕಂಡವರಿಗೆಲ್ಲ ಕೈ ಮುಗಿದು ತಿಳಿದೋ ತಿಳಿಯದೆಯೋ ಮಾಡಿದ್ದಕ್ಕೆ ಕ್ಷಮಿಸಿ ಎಂದು ಹೇಳಿದ್ದೇನೆ. ನಿನಗೆ ಹಾಗೆ ಹೇಳಲಾರೆ. ನಿನಗೆ ಮಾಡಿದ್ದೆಲ್ಲ ತಿಳಿದೇ ಮಾಡಿದ್ದು.

ಮುಖ ನೋಡುವುದಿಲ್ಲ ಎಂಬ ನೇಮ ಯಾಕೆ ಎಂದು ಮೊದಲ ಪತ್ರದಲ್ಲೇ ಕೇಳಿದ್ದೆ. ಉತ್ತರ ಇಷ್ಟೇ: ನಿನ್ನ ಮುಖ ನೋಡಿದರೆ ನನ್ನ ಬಾಯಿಂದ ಈ ಮಾತು ಹೊರಡುತ್ತಿರಲಿಲ್ಲ. ನೇಮ ಅಂತ ಹೇಳಿ ಅಂಜಿಕೆಯನ್ನು ಮುಚ್ಚಿಟ್ಟೆ. ಅದಕ್ಕೆ ಕ್ಷಮಿಸು. ನಿನ್ನ ಬೆನ್ನ ಹಿಂದೆ ಅತ್ತೆಯವರನ್ನು ಮೊದಲು ಕೇಳಿದ್ದಕ್ಕೆ ಕ್ಷಮಿಸು.

ಸಮ್ಮತಿಯ ಛಾಪಿಸಿದ ಫಾರ್ಮು ಇಟ್ಟಿದ್ದೇನೆ. ಮರಾಠಿಯಲ್ಲಿದೆ. ಅಕ್ಟೋಬರ್ ಇಪ್ಪತ್ತರೊಳಗೆ ತಲುಪಬೇಕಂತೆ. ಬರದಿದ್ದರೆ ಬರಲಿಲ್ಲ ಎಂದು ಹೇಳುತ್ತೇನೆ. ಯಾರೂ ನಿನ್ನ ಮನೆಗೆ ಬಂದು ಒತ್ತಾಯ ಮಾಡಕೂಡದೆಂದು ತಾತ್ಯಾಸಾಹೇಬರಿಗೆ ಹೇಳಿದ್ದೇನೆ.

ಯಂತ್ರ ಯಾಕೆ ಆರುತ್ತಿದೆ? ಎಲ್ಲಾದರೂ ತಂತಿ ಸಡಿಲಾಗಿರಬೇಕು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಸುಡುವ ವಾಸನೆ ಬಂದರೆ ಮೊದಲು ಪ್ಲಗ್ ಕೀಳು.

ನಿನ್ನ ಅವ್ವ


ಸಾಂಗಲಿ
19 ಸೆಪ್ಟೆಂಬರ್ 2025

ಅವ್ವ,

ಕ್ಷಮಿಸಿದ್ದೇನೆ ಎಂದು ಬರೆಯಲು ಇನ್ನೂ ಆಗುತ್ತಿಲ್ಲ. ಯಂತ್ರದ ಬಗ್ಗೆ ಬರೆಯುತ್ತೇನೆ.

ಸುಡುವ ವಾಸನೆ ಎಂದು ಬರೆದೆಯಲ್ಲ, ಅಂದಿನಿಂದ ಮೂಗಿಗೆ ಅದೇ ವಾಸನೆ. ಒಗ್ಗರಣೆ ಹಾಕಿದರೂ ಓಡಿ ಬಂದು ಯಂತ್ರದ ಬೆನ್ನು ಮುಟ್ಟಿ ನೋಡುತ್ತೇನೆ. ನಿಜಕ್ಕೂ ಕಾದಿರುತ್ತದೆ, ಈಗಷ್ಟೇ ಇಳಿಸಿದ ಹಂಚಿನ ಹಾಗೆ. ಬೂದು ಲೇಪವನ್ನು ನಾನೇ ಸರಿಯಾಗಿ ಹಚ್ಚಿಲ್ಲವೇನೋ ಎಂದು ಎರಡು ಸಲ ಒರೆಸಿ ಹೊಸದಾಗಿ ಹಚ್ಚಿದೆ. ಸೌರಭ ಮನೆಗೆ ಬಂದು ನೋಡಿದ. ಪಕ್ಕದ ಬಾಗಿಲು ತೆಗೆದಿಟ್ಟು ಓಡಿಸಿದರೆ ಎರಡು ತಾಸು ಏನೂ ಆಗಲಿಲ್ಲ. ಬಾಗಿಲು ಹಾಕಿದ ಇಪ್ಪತ್ತು ನಿಮಿಷಕ್ಕೆ ಟಕ್. "ಬಾಗಲಾ ಹಾಕಿದಾಗ ಯಾವದೋ ವಾಯರ್ ಒತ್ತಿ ಶಾರ್ಟ್ ಆಗಾಕತ್ತೈತಿ. ಬೆಂಕಿ ಹತ್ತೀತು, ಹುಷಾರ" ಎಂದು ಹೇಳಿ ಹೋದ. ಅವನು ಹೋದ ಮೇಲೆ ಬಾಗಿಲು ತೆಗೆದೇ ಇಡೋಣವೆಂದರೆ ಅಜ್ಜಿ ಹಟ ಹಿಡಿದಳು. "ಮಳಿಗಾಲದಾಗ ಹಂಗ ತಗದ ಇಡಬಾರದ. ಮುಚ್ಚ ಅದನ್ನ" ಎಂದು ತಾನೇ ಮುಚ್ಚಿಬಿಟ್ಟಳು.

ಎಲ್ಲ ಕೈ ನನ್ನದೇ ಅವ್ವ. ಪ್ರತಿ ಸ್ಕ್ರೂ ನಾನೇ ಬಿಗಿದದ್ದು, ಪ್ರತಿ ತಂತಿ ನಾನೇ ಹಾಯಿಸಿದ್ದು. ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಅಜ್ಜಿ ಊಟವಾದ ಮೇಲೆ ಒಂದು ನಿದ್ದೆ ತೆಗೆಯುತ್ತಾಳಲ್ಲ, ಆಗ ನಾನು ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಅವಳ ಹತ್ತಿರ ಕೂರುತ್ತೇನೆ. ಕಿತ್ತ ಪ್ಲಗ್ಗಿನಿಂದ ಬೆಂಕಿ ಹತ್ತುವುದಿಲ್ಲ ಎಂದು ಗೊತ್ತಿದ್ದರೂ ಕೈಬಿಡಲು ಧೈರ್ಯ ಬರುವುದಿಲ್ಲ.

ನೀನು ಹೋದರೆ ಈ ಮನೆಯಲ್ಲಿ ಅಜ್ಜಿ ಮತ್ತು ನಾನು. ಅಜ್ಜಿಗೆ ಎಪ್ಪತ್ತೆಂಟು. ಆಮೇಲೆ ನಾನು. ಇದೇ ನನ್ನ ಹೆದರಿಕೆ, ಯಂತ್ರದ್ದಲ್ಲ. ಇಷ್ಟು ದಿನ ಅದನ್ನು ಬರೆಯದೆ ತಂತಿ, ಲೇಪ, ಸ್ಕ್ರೂ ಅಂತ ಬರೆಯುತ್ತಿದ್ದೇನೆ.

ನಿನ್ನ ಮಾತುಗಳನ್ನು ಇನ್ನೂ ಪೂರ್ತಿ ನೋಡಿಲ್ಲ. ಬಾಗಿಲು ತೆಗೆದಾಗ ಯಂತ್ರ ಓಡುತ್ತಿತ್ತು, ನೋಡಬಹುದಿತ್ತು. ಬೇರೆಯವರ ಮದುವೆಯ ವಿಡಿಯೋ ಓಡಿಸಿದೆ.

ಪ್ರಣಾಲಿ


ಸಾಂಗಲಿ
1 ಅಕ್ಟೋಬರ್ 2025

ಅವ್ವ,

ಸಿಕ್ಕಿತು! ನಗಬೇಡ. ಅಥವಾ ನಗು, ನಾನೂ ನಗುತ್ತಿದ್ದೇನೆ, ಆಮೇಲೆ ಅಳುತ್ತಿದ್ದೇನೆ.

ಮಿರಜಿನ ರಿಪೇರಿಯವನಿಗೆ ತೋರಿಸೋಣವೆಂದು ಯಂತ್ರವನ್ನು ಎತ್ತಿ ರಿಕ್ಷಾದವರೆಗೆ ಒಯ್ದೆ. ರಿಕ್ಷಾದವನು ಹೇಳಿದ, "ತಾಯಿ, ಇದರ ಲಾಡಿ ಜೋತಬಿದ್ದೈತಿ ನೋಡ್ರಿ." ಕಂಪ್ಯೂಟರಿಗೆ ಎಲ್ಲಿಯ ಲಾಡಿ? ನೋಡಿದರೆ ಮುಂದಿನ ಜಾಳಿಗೆಯ ಕೆಳಗಿನಿಂದ ಗೇಣುದ್ದದ ಒಂದು ಕರಿ ಲಾಡಿ. ಎಳೆದೆ. ಅದರ ಹಿಂದೆ ಬಟ್ಟೆ ಬಂತು. ದಪ್ಪ ಕರಿ ಹತ್ತಿ ಬಟ್ಟೆ, ನೀಟಾಗಿ ಎರಡು ಪದರ, ನಾಲ್ಕು ಮೂಲೆಗೆ ಸೂಜಿಯ ಟಾಕಿ ಹಾಕಿದ್ದು. ಗಾಳಿ ಒಳಗೆ ಬರುವ ಮೂರೂ ಪಂಖಾಗಳ ಬಾಯಿ ಅದರಿಂದ ಮುಚ್ಚಿತ್ತು. ರಿಕ್ಷಾದವನನ್ನು ಕಳಿಸಿ ಒಳಗೆ ಬಂದೆ.

"ಅಜ್ಜಿ, ಇದೇನ?"

"ನಂದ ಪರಕರ. ಸೀರಿ ಒಳಗ ಉಡೂದ."

"ಇದರಾಗ ಯಾಕ ಬಂತ?"

"ನಾನಽ ಹಾಕೇನಿ. ನಿಮ್ಮವ್ವ ಚೀಟ್ಯಾಗ ಬರದಿದ್ಲು. ಪಂಖಾದಾಗ ಹುಳಾ ಸಿಕ್ಕ ಸಾಯತಾವ, ನಳಕ್ಕ ಕಟ್ಟಿದಂಗ ಇದಕ್ಕೂ ಒಂದ ಬಟ್ಟಿ ಕಟ್ರಿ ಅಂತ. ಬಿಳೀದ ಹಾಕಿದ್ರ ನಿನ್ನ ಕಣ್ಣಿಗಿ ಬಿದ್ದ ಕಿತ್ತ ಒಗೀತಿ. ಅದಕ್ಕ ಕರೀ ಪರಕರ ಹರದ ಹಾಕೇನಿ. ಒಗದ ಹಾಕೇನಿ, ಹೊಲಸಿಲ್ಲ."

"ಅಜ್ಜಿ! ಅದಕ್ಕ ಉಸರ ಆಡಾಕ ಆಗಿಲ್ಲ. ಕಾದ ಕಾದ ಆರಾಕತ್ತೈತಿ ಅದ. ನಾ ಸಾಯೂದೊಂದ ಬಾಕಿ ಇತ್ತ!"

"ಹಂಗಾರ ಹೇಳಬೇಕಿಲ್ಲ? ನಾ ಏನ ಇಂಜಿನಿಯರ್ ಏನ?"

ಒಂದು ತಿಂಗಳು ನಾನು ಲೇಪ ಒರೆಸಿದ್ದು, ಸೌರಭ ಶಾರ್ಟ್ ಎಂದದ್ದು, ಪ್ಲಗ್ ಹಿಡಿದು ಕುಳಿತದ್ದು, ಎಲ್ಲ ಒಂದು ಪರಕರಕ್ಕೆ. ಬಾಗಿಲು ತೆಗೆದರೆ ಯಾಕೆ ಓಡುತ್ತಿತ್ತು ಎಂದು ಈಗ ಒಂದನೆಯ ಇಯತ್ತೆಯವರಿಗೂ ಹೇಳಬಲ್ಲೆ. ಬಟ್ಟೆಯ ಹೊರಮೈಯಲ್ಲಿ ಹತ್ತಿಪ್ಪತ್ತು ಸಣ್ಣ ಹುಳಗಳು ಹರಿದಾಡುತ್ತಿದ್ದವು. ಅಜ್ಜಿ ಅದನ್ನು ಹಿತ್ತಲಿಗೆ ಒಯ್ದು ದಾಸವಾಳದ ಗಿಡದ ಬುಡಕ್ಕೆ ಮೆಲ್ಲಗೆ ಜಾಡಿಸಿ ಬಂದಳು. ನಾನು ಸೊಳ್ಳೆಪರದೆಯ ತುಂಡು ತಂದು ಆ ಜಾಗಕ್ಕೆ ಹಚ್ಚಿದೆ. ಗಾಳಿ ಬರುತ್ತದೆ, ಹುಳ ಬರುವುದಿಲ್ಲ. ಯಂತ್ರ ಎರಡು ದಿನದಿಂದ ಬಾಗಿಲು ಹಾಕಿಕೊಂಡೇ ಓಡುತ್ತಿದೆ.

ಇನ್ನು ನೆಪ ಉಳಿಯಲಿಲ್ಲ. ಕುಳಿತು ನಿನ್ನ ಒಂದು ತಾಸು ನಾಲ್ಕು ನಿಮಿಷವನ್ನು ಪೂರ್ತಿ ನೋಡಿದೆ.

ಶಾಲೆಯ ಮಾತು, ಅಪ್ಪನ ಮಾತು, ಎಲ್ಲ ಚೆನ್ನಾಗಿ ಹೇಳಿದ್ದೀ. ಕೊನೆಗೆ ಕುಣಾಲ ಕೇಳುತ್ತಾನೆ, "ಅಕ್ಕಾ, ಮನಿ ಬಿಟ್ಟ ಬರಾಕ ಹೆದರಿಕಿ ಆಗೂದಿಲ್ಲೇನ್ರಿ?" ನೀನು ಬಾಯಿ ತೆರೆದು ಮುಚ್ಚಿದೆ. ಮುಂದಿನ ಮೇಜಿನ ಮೇಲೆ ಇಲ್ಲದ ಧೂಳನ್ನು ಅಂಗೈಯಿಂದ ಒರೆಸಿದೆ. ಟೈಮ್‌ಲೈನಿನಲ್ಲಿ ಅಳೆದೆ, ಹನ್ನೊಂದು ಸೆಕೆಂಡು. ಆಮೇಲೆ ಅವನು, "ಇರ್ಲಿ ಬಿಡ್ರಿ, ಇದನ್ನ ಕಟ್ ಮಾಡ್ತಾರ" ಅಂದ. ನೀನು ತಲೆ ಎತ್ತದೆ, "ಕಟ್ ಮಾಡಾಕಿ ನನ್ನ ಮಗಳ. ಅಕಿಗಿ ಬಿಡ್ರಿ" ಅಂದೆ.

ಆರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಜನ ಸುಮ್ಮನಾದ ಜಾಗವನ್ನೆಲ್ಲ ಕತ್ತರಿಸಿ ಬಿಸಾಡುವುದೇ ನನ್ನ ಅನ್ನ. ಇದನ್ನು ಕತ್ತರಿಸಲು ಕೈ ಏಳಲಿಲ್ಲ. ಆ ಹನ್ನೊಂದು ಸೆಕೆಂಡಿನಲ್ಲಿ ಏನು ಯೋಚಿಸುತ್ತಿದ್ದೆ? ಅದನ್ನು ಹೇಳು. ಹೇಳದೆ ನನ್ನ ಸಹಿ ಕೇಳಬೇಡ.

ಪ್ರಣಾಲಿ


ಸಲಗರೆ
9 ಅಕ್ಟೋಬರ್ 2025

ಪ್ರಣಾಲಿ,

ಪರಕರದ ಸುದ್ದಿ ಓದಿ ಅಡುಗೆಯ ಮನೆಯಲ್ಲಿ ಒಬ್ಬಳೇ ನಕ್ಕೆ. ಜೊತೆಗಿದ್ದವರು ಹೆದರಿ ಓಡಿ ಬಂದರು. ತಪ್ಪು ನನ್ನದು. ಅತ್ತೆಯವರನ್ನು ಬೈಯಬೇಡ.

ನಿನ್ನ ಪ್ರಶ್ನೆಗೆ ಉತ್ತರ ಬರೆಯುತ್ತೇನೆ.

ನಾಲ್ಕನೆಯ ಇಯತ್ತೆಯಲ್ಲಿ ನಿನಗೆ ಜ್ವರ ಬಂದಿತ್ತು, ನೆನಪಿದೆಯೋ ಇಲ್ಲವೋ. ಮೂರು ದಿನ ಇಳಿಯಲಿಲ್ಲ. ನಿನ್ನ ಹಣೆಯ ಮೇಲೆ ಕೈಯಿಟ್ಟು ಕುಳಿತಿದ್ದೆ. ಕುಣಾಲ ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅದೇ. ದೀಕ್ಷೆಯ ನಂತರ ನಿನಗೆ ಜ್ವರ ಬಂದರೆ ಯಾರೋ ಬಂದು ನನಗೆ ಹೇಳುತ್ತಾರೆ. ನಾನು ಕೇಳಿ ಸುಮ್ಮನಿರಬೇಕು. ಎದ್ದು ಬರುವಂತಿಲ್ಲ, ಕೈಯಿಡುವಂತಿಲ್ಲ. ಅದು ನನ್ನಿಂದ ಆದೀತೇ? ಆಗಿಬಿಟ್ಟರೆ ನಾನು ಎಂಥ ತಾಯಿ, ಆಗದಿದ್ದರೆ ಎಂಥ ಕ್ಷುಲ್ಲಿಕೆ? ಅಷ್ಟರಲ್ಲಿ ಹನ್ನೊಂದು ಸೆಕೆಂಡು ಆಯಿತೆಂದು ನಿನ್ನಿಂದ ತಿಳಿಯಿತು.

ಹೌದು, ಹೆದರಿಕೆ ಇದೆ. ಬೆಟ್ಟದಷ್ಟಿದೆ. ಮಹಾರಾಜರಿಗೂ ಹೇಳಿದೆ. ಹೆದರಿಕೆ ಇದ್ದವರು ದೀಕ್ಷೆ ಕೇಳಬಾರದೆಂದು ಎಲ್ಲೂ ಬರೆದಿಲ್ಲ ಎಂದು ಅವರು ನಕ್ಕರು. ನನಗೆ ಈ ದಾರಿ ಬೇಕು ಪ್ರಣಾಲಿ. ಹೆದರುತ್ತಲೇ ಬೇಕು.

ಆದರೆ ನಿನ್ನ ಸಹಿ ಬರದಿದ್ದರೆ ದೀಪಾವಳಿಯ ಮರುದಿನ ಮೊದಲ ಬಸ್ಸಿಗೆ ಮನೆಗೆ ಬರುತ್ತೇನೆ. ಒಂದು ದಿನವೂ ನಿನ್ನನ್ನು ಆಡಿಕೊಳ್ಳುವುದಿಲ್ಲ, ಮುಖ ಸಣ್ಣ ಮಾಡುವುದಿಲ್ಲ. ಇದನ್ನು ನಿನ್ನ ಮೇಲೆ ಭಾರ ಹೇರಲು ಬರೆದಿಲ್ಲ. ಮನಸ್ಸಿಟ್ಟು ಬರೆದಿದ್ದೇನೆ.

ಆ ಮೌನವನ್ನು ಇಡು, ಇಲ್ಲವೇ ತೆಗೆ. ಅದು ನಿನ್ನ ಕೆಲಸ.

ಅವ್ವ


ಸಾಂಗಲಿ
16 ಅಕ್ಟೋಬರ್ 2025

ಅವ್ವ,

ಈ ಪತ್ರವನ್ನು ಅಂಚೆಗೆ ಹಾಕದೆ ತಾತ್ಯಾಸಾಹೇಬರ ಕೈಯಲ್ಲಿ ಕಳಿಸುತ್ತಿದ್ದೇನೆ. ವಿಡಿಯೋ ಒಯ್ಯಲು ಅವರೇ ಮನೆಗೆ ಬಂದಿದ್ದರು.

ಹದಿನಾಲ್ಕು ನಿಮಿಷದ ವಿಡಿಯೋ ಆಗಿದೆ. ತಾತ್ಯಾಸಾಹೇಬರು ಇಲ್ಲೇ ಕುಳಿತು ನೋಡಿದರು. ಕೊನೆಗೆ ಬಂದಾಗ, "ಯಂತ್ರ ನಿಂತತೇನ ಮಗಳ?" ಎಂದು ಕೇಳಿದರು. "ಇಲ್ರಿ ಕಾಕಾ, ಅವ್ವ ಸುಮ್ಮನಾಗ್ಯಾಳ" ಅಂದೆ. "ಅದನ್ನ ತಗದ ಬಿಡಬೇಕಿತ್ತ. ಮಂದಿ ಏನ ತಿಳಕೊಂಡಾರು?" ಅಂದರು. "ಅಕಿ ಏನ ಬಿಟ್ಟ ಹೊಂಟಾಳ ಅಂತ ತಿಳಕೊಂತಾರ್ರಿ" ಅಂದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಮತ್ತೊಮ್ಮೆ ಹಾಕು ಅಂದರು. ಎರಡನೆಯ ಸಲ ನೋಡಿ ಟೋಪಿ ಹಾಕಿಕೊಂಡರು. ಹನ್ನೊಂದು ಸೆಕೆಂಡೂ ಉಳಿದಿವೆ.

ಇನ್ನು ಫಾರ್ಮು. ಬಂದಾಗಿನಿಂದ ದೇವರ ಮನೆಯಲ್ಲಿಟ್ಟಿದ್ದೆ. ನೀನು ಮನೆಗೆ ಬರುತ್ತೇನೆ ಎಂದು ಬರೆದದ್ದನ್ನು ಓದಿ ಮೊದಲ ದಿನ ಕುಣಿದಾಡಿದೆ. ಎರಡನೆಯ ದಿನ ನಿನ್ನನ್ನು ಈ ಮನೆಯಲ್ಲಿ ಕಲ್ಪಿಸಿಕೊಂಡೆ. ಮುಖ ಸಣ್ಣ ಮಾಡುವುದಿಲ್ಲ ಅಂದಿದ್ದೀ, ಮಾಡುವುದಿಲ್ಲ. ನಗುತ್ತ ಬಡಿಸುತ್ತೀ. ಆ ನಗುವನ್ನು ದಿನಾ ನೋಡುವುದಕ್ಕೆ ನನಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

ಸಹಿ ಮಾಡಿದ್ದೇನೆ.

ಆದರೆ ಫಾರ್ಮಿನಲ್ಲಿ, ನಾನು ಸಂತೋಷದಿಂದ, ಯಾವ ಭಯವೂ ಇಲ್ಲದೆ ಸಮ್ಮತಿಸುತ್ತೇನೆ ಎಂದು ಛಾಪಿಸಿದ್ದಾರೆ. ಸಂತೋಷದಿಂದ ಎಂಬುದನ್ನು ಹೊಡೆದು ಹಾಕಿದೆ. ಯಾವ ಭಯವೂ ಇಲ್ಲದೆ ಎಂಬುದನ್ನೂ ಹೊಡೆದು ಹಾಕಿದೆ. ತಾತ್ಯಾಸಾಹೇಬರು ಬೇರೆ ಫಾರ್ಮು ಕೊಡುತ್ತೇನೆ, ಸ್ವಚ್ಛ ಬರೆ ಅಂದರು. "ಖೋಟೇ ಬರದ ಕೊಡ್ಲೇನ್ರಿ ಕಾಕಾ, ಅದೂ ದೀಕ್ಷಾಕ್ಕ?" ಎಂದು ಕೇಳಿದೆ. ಅದನ್ನೇ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಹೊಡೆದ ಮೇಲೆ ಉಳಿದದ್ದು ಇಷ್ಟು: ನಾನು ಸಮ್ಮತಿಸುತ್ತೇನೆ. ಅದು ನಿಜ, ಅವ್ವ. ಅದರಲ್ಲಿ ಒಂದಕ್ಷರವೂ ಖೋಟಿಯಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ. ಇದನ್ನೂ ಈಗ ಬರೆಯಬಲ್ಲೆ.

ನನ್ನದೊಂದೇ ಬೇಡಿಕೆ. ದೀಪಾವಳಿಗೆ ನಿನ್ನ ನೇಮ ಮುಗಿಯುತ್ತದೆ. ದೀಕ್ಷೆ ನವೆಂಬರ್ ಎರಡಕ್ಕೆ. ನಡುವಿನ ದಿನಗಳನ್ನು ಯಾರಿಗೂ ಕೊಡಬೇಡ, ಮೆರವಣಿಗೆಗೂ ಬೇಡ, ನೆಂಟರ ಊಟಕ್ಕೂ ಬೇಡ. ಮನೆಗೆ ಬಾ. ನನ್ನನ್ನು ಸಮಾಧಾನ ಮಾಡಬೇಕಾಗಿಲ್ಲ, ನಾನೂ ನಿನ್ನನ್ನು ಮಾಡುವುದಿಲ್ಲ. ಹೆದರಿಕೆ ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಅಷ್ಟು ದಿನ ಒಂದೇ ಮನೆಯಲ್ಲಿ ಕೂಡಿ ಹೆದರೋಣ.

ನಿನ್ನ ಮಗಳು,
ಪ್ರಣಾಲಿ